ತಂದೆಯವರ ಮೌನ, ಕಿಟಕಿಯ ಕಪ್ಪು



ತೀರ್ಥಹಳ್ಳಿಯ ತೋಟದ ಮನೆಯನ್ನಗಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಅಂಚಿನ ನಿಮ್ಮ ಮನೆಗೆ ಬಂದ 76 ವರ್ಷದ ತಂದೆಯವರು, ಎರಡೇ ವರ್ಷದಲ್ಲಿ ಪತ್ರಿಕೆಯನ್ನೂ ಮಾತನ್ನೂ ತೊರೆದು, ಬೆಳಿಗ್ಗೆ ಒರೆಸಿದರೂ ಸಂಜೆಗೆ ಕಪ್ಪಾಗುವ ಕಿಟಕಿಯ ಬಳಿ ಸುಮ್ಮನೆ ಕುಳಿತಿರುವರೆಂದು ಬರೆದಿದ್ದೀರಿ. ಆ ಕಪ್ಪಿಗೂ ಈ ಮೌನಕ್ಕೂ ನಂಟಿರಬಹುದೇ ಎಂಬ ನಿಮ್ಮ ಶಂಕೆಯನ್ನು ನಾನು ತಳ್ಳಿಹಾಕಲಾರೆ.

2.5 ಮೈಕ್ರಾನ್‌ಗಿಂತ ಕಿರಿದಾದ ಹೊಗೆಯ ಕಣಗಳು ಶ್ವಾಸಕೋಶದ ಆಳಕ್ಕಿಳಿದು, ರಕ್ತವನ್ನು ಸೇರಿ, ಮಿದುಳಿನಲ್ಲಿಯೂ ಉರಿಯೂತವನ್ನುಂಟುಮಾಡಬಲ್ಲವು. ವೃದ್ಧರ ಖಿನ್ನತೆಗೂ ಮಲಿನ ವಾಯುವಿಗೂ ಸಂಬಂಧವುಂಟೆಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. 2020ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವು ಡಿಮೆನ್ಶಿಯಾದ, ಅಂದರೆ ಮರೆಗುಳಿ ರೋಗದ, ಅಪಾಯಕಾರಣಗಳಲ್ಲಿ ಮಲಿನ ವಾಯುವನ್ನೂ ಸೇರಿಸಿತು. ಹಾಗೆಂದು ಹೊಗೆಯೊಂದನ್ನೇ ದೂರುವುದೂ ಸಲ್ಲದು. ಊರನ್ನು ಬಿಟ್ಟ ದುಃಖ, ಜೊತೆಗಾರರಿಲ್ಲದ ಹಗಲು, ಥೈರಾಯ್ಡ್ ದೋಷ, ಮಂದವಾದ ಕಿವಿ ಇವೂ ಮನಸ್ಸನ್ನು ಮುದುಡಿಸುವುದರಿಂದ, ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ‘ವಯಸ್ಸಾಯಿತು, ಇನ್ನು ಹೀಗೆಯೇ’ ಎಂಬ ಬಂಧುಗಳ ಮಾತನ್ನು ದಯವಿಟ್ಟು ಒಪ್ಪದಿರಿ. ಖಿನ್ನತೆಯು ಮುಪ್ಪಿನ ಲಕ್ಷಣವಲ್ಲ, ಚಿಕಿತ್ಸೆಗೆ ಬಗ್ಗುವ ವ್ಯಾಧಿ.

ಅವರ ಮಂಚವನ್ನು ರಸ್ತೆಯ ಕಡೆಯ ಕೋಣೆಯಿಂದ ಹಿಂಭಾಗಕ್ಕೆ ಸರಿಸಿರಿ. ವಾಹನಸಂದಣಿಯ ಹೊತ್ತಿನಲ್ಲಿ ಆ ಕಿಟಕಿಯನ್ನು ಮುಚ್ಚಿ, ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ನೆಲವನ್ನೊರೆಸಿ, ಸೊಳ್ಳೆಬತ್ತಿಗೆ ಬದಲಾಗಿ ಪರದೆ ಕಟ್ಟಿರಿ. ನಡಿಗೆಯನ್ನು ಮಾತ್ರ ನಿಲ್ಲಿಸದೆ, ರಸ್ತೆಯಿಂದ ದೂರವಾದ ಉದ್ಯಾನದಲ್ಲಿ ನೀವೂ ಜೊತೆಗೆ ನಡೆಯಿರಿ, ಅಡಕೆಯ ಕೊಯ್ಲಿನ ಸುದ್ದಿಯನ್ನೆತ್ತಿ ಅವರನ್ನೇ ಮಾತನಾಡಗೊಡಿರಿ. ‘ಇನ್ನು ಬದುಕಿ ಏನು ಪ್ರಯೋಜನ’ ಎಂಬ ನುಡಿಯೊಂದು ಅವರ ಬಾಯಿಂದ ಹೊರಟರೆ ಮರುದಿನಕ್ಕೆ ಕಾಯಬೇಡಿ. ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಆ ಕ್ಷಣವೇ ಕರೆಮಾಡಿ, ಅವರ ಬಳಿಯೇ ಇರಿ.