ಕಾಗದದ ಕೆಸರಿನಿಂದ ಉರುವಲು

ಕಾಗದವಾಗುವುದು ಮರ, ಬಿದಿರು, ಕಬ್ಬಿನ ಸಿಪ್ಪೆಗಳ ನಾರಿನಿಂದ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದಂಥ ದೊಡ್ಡ ಕಾರ್ಖಾನೆಗಳಲ್ಲಿ ನಾರನ್ನು ತೊಳೆದ ನೀರಿನೊಡನೆ ತುಂಡು ನಾರು, ಸುಣ್ಣ, ಜೇಡಿಗಳೂ ಹರಿದುಹೋಗುತ್ತವೆ. ಆ ನೀರು ತೊಟ್ಟಿಯಲ್ಲಿ ನಿಂತಾಗ ತಳದಲ್ಲಿ ಉಳಿಯುವುದೇ ಕಾಗದದ ಕೆಸರು. ಅದನ್ನು ಹಿಂಡಿ, ಒಣಗಿಸಿ, ಮರದ ಪುಡಿ ಅಥವಾ ಹೊಟ್ಟು ಬೆರೆಸಿ ಒತ್ತಿದರೆ ಉರುವಲಿನ ಬಿಲ್ಲೆಯಾಗುತ್ತದೆ.

ಇಂಥ ಬಿಲ್ಲೆ ಅಗ್ಗವಾಗಿ ಸಿಕ್ಕರೂ ತೂಕ ನೋಡಿ ಮೋಸಹೋಗಬಾರದು. ಒಂದು ಕಿಲೋ ಹಸಿ ಕೆಸರಿನಲ್ಲಿ 600 ಗ್ರಾಂ ನೀರಿದೆ ಎನ್ನೋಣ. ಉಳಿದ 400 ಗ್ರಾಂನಲ್ಲಿ ಅರ್ಧ ಸುಣ್ಣ, ಜೇಡಿಯಾದರೆ ಉರಿಯುವುದು 200 ಗ್ರಾಂ ಮಾತ್ರ. ಅದರಿಂದ ಸುಮಾರು 800 ಕಿಲೋಕ್ಯಾಲೊರಿ ಶಾಖ ಬರುತ್ತದೆ. ನೀರನ್ನು ಆವಿ ಮಾಡುವುದಕ್ಕೇ 370ರಷ್ಟು ಹೋಗುತ್ತದೆ. ಮಡಕೆಗೆ ಸಿಗುವುದೇನು?

ಆದ್ದರಿಂದ ಕೊಳ್ಳುವ ಮುನ್ನ ಎರಡು ಪರೀಕ್ಷೆ ಮಾಡಿ. ಒಂದು ಬಿಲ್ಲೆಯನ್ನು ತೂಗಿ, ಪುಡಿಮಾಡಿ, ತೂಕ ಇಳಿಯುವುದು ನಿಲ್ಲುವವರೆಗೆ ಬಿಸಿಲಿನಲ್ಲಿ ಒಣಗಿಸಿರಿ. ಇಳಿದ ತೂಕವೆಲ್ಲ ನೀರು. ಒಣಗಿದ್ದರಲ್ಲಿ 100 ಗ್ರಾಂ ತೆಗೆದು ಪೂರ್ತಿ ಸುಟ್ಟು ಬೂದಿಯನ್ನು ತೂಗಿರಿ. ಬೂದಿ ಹೆಚ್ಚಿದಷ್ಟೂ ಶಾಖ ಕಡಿಮೆ.

ಕೊಡಿಕೊಂಡದ ಕಡೆ ಕಾಗದದ ಕಾರ್ಖಾನೆಯಿಲ್ಲದಿದ್ದರೇನು? ಕಡಲೆಕಾಯಿ ಹೊಟ್ಟು ಇದೆ, ಹಳೆಯ ಕಾಗದ, ರಟ್ಟು ಇವೆ. ಕಾಗದವನ್ನು ಹರಿದು ಒಂದು ದಿನ ನೀರಿನಲ್ಲಿ ನೆನೆಹಾಕಿ ಚೆನ್ನಾಗಿ ಕುಟ್ಟಿರಿ. ಹೊಟ್ಟನ್ನು ಪುಡಿಮಾಡಿ ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಬನ್ನಿ. ಹಿಡಿಯಲ್ಲಿ ಹಿಂಡಿದ ಉಂಡೆ ಕೈ ಬಿಟ್ಟರೂ ಬಿರಿಯದೆ ನಿಂತರೆ ಹದ ಸರಿ. ಇಲ್ಲಿ ನಾರೇ ಅಂಟು. ಬೇರೆ ಅಂಟು ಬೇಕಿಲ್ಲ. ಅಚ್ಚಿನಲ್ಲಿ ಬಲವಾಗಿ ಒತ್ತಿ ನೀರು ಇಳಿಸಿ, ಗಾಳಿಯಾಡಲು ನಡುವೆ ತೂತು ಬಿಡಿ. ಒಳಭಾಗವೂ ಗರಿಗರಿಯಾಗುವ ತನಕ ಒಣಗಿಸಿ, ಮಳೆ ತಾಗದ ಕಡೆ ಇಡಿ.

ಪ್ಲಾಸ್ಟಿಕ್ ಅಂಟಿಸಿದ ಕಾಗದ, ನುಣುಪು ಬಣ್ಣದ ಕಾಗದ ಸೇರಿಸಬಾರದು. ಅದರ ಹೊಗೆ ಕೆಟ್ಟದ್ದು. ಬಿಲ್ಲೆ ಉರಿಸುವಾಗ ಅಡಿಗೆ ಮನೆಯ ಹೊಗೆ ಹೊರಗೆ ಹೋಗುವಂತಿರಲಿ.

ಕಡಲೆ ಬಳ್ಳಿ ದನಕ್ಕಿರಲಿ, ಹೊಟ್ಟು ಒಲೆಗಿರಲಿ. ಬೆರಣಿ ತಟ್ಟುವುದು ಕಡಿಮೆಯಾದಷ್ಟೂ ಸಗಣಿ ಹೊಲಕ್ಕೆ ಉಳಿಯುತ್ತದೆ. ನಮ್ಮ ಕೆಂಪು ನೆಲಕ್ಕೆ ಅದಕ್ಕಿಂತ ಬೇಕಾದ್ದು ಬೇರೇನಿದೆ?