ನಾಲಿಗೆಯಡಿಯ ಗುಳಿಗೆ

ಅರೇಹಳ್ಳಿ, ಬೇಲೂರು ತಾಲ್ಲೂಕು

ಪ್ರೀತಿಯ ಪುಟ್ಟೂ,



ಹಾಸನದ ಟ್ಯಾಕ್ಸಿ ಸ್ಟ್ಯಾಂಡಿನ ಹುಡುಗರೆಲ್ಲ ಈಗ ಜೇಬಿನಲ್ಲಿ ಎದೆನೋವಿನ ಗುಳಿಗೆ ಸಾರ್ಬಿಟ್ರೇಟ್ ಇಟ್ಟುಕೊಂಡೇ ಗಾಡಿ ಹತ್ತುತ್ತಾರೆ, ನೀನೂ ಒಂದು ಪಟ್ಟಿ ತೆಗೆದಿಟ್ಟುಕೊಂಡಿದ್ದೀಯ ಎಂದು ಬರೆದಿದ್ದೀಯ. "ನೀವೂ ಅದನ್ನೇ ಅಲ್ವಾ ಅಜ್ಜ ಇಟ್ಕೊಂಡಿರೋದು?" ಎಂದೂ ಕೇಳಿದ್ದೀಯ. ಹೌದು, ಅಂಥದೇ. ಆದರೆ ನನ್ನ ಎದೆಯನ್ನು ಪರೀಕ್ಷಿಸಿದ ಡಾಕ್ಟರು, ಯಾವಾಗ, ಎಷ್ಟು, ಹೇಗೆ ಎಂದು ಹೇಳಿ ಬರೆದುಕೊಟ್ಟದ್ದು ನನ್ನದು. ನಿನಗೆ ಯಾರೂ ಬರೆದುಕೊಟ್ಟಿಲ್ಲ. ಫೋನಿನಲ್ಲಿ ಎರಡು ಮಾತು ಆಡಿದರೆ ಸಾಲದೆಂದು ಕೂತು ಬರೆಯುತ್ತಿದ್ದೇನೆ.

ನಿನ್ನ ಭಯ ನನಗೆ ಅರ್ಥವಾಗುತ್ತದೆ. 2025ರ ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ದಿನ ಬೆಳಗಾದರೆ ಹೃದಯಾಘಾತದ ಸುದ್ದಿ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ನಸುಕಿನಿಂದಲೇ ಸಾಲು ನಿಂತರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಪರಿಶೀಲಿಸಿ, ಹಾಸನದಲ್ಲಿ ಸಾವು ಅಸಹಜವಾಗಿ ಏರಿಲ್ಲ ಎಂದು ಜುಲೈನಲ್ಲಿ ವರದಿ ಕೊಟ್ಟಿತು. ಆದರೆ ಅದೇ ವರದಿ ಆಟೋ, ಕ್ಯಾಬ್ ಓಡಿಸುವವರತ್ತ ಬೊಟ್ಟು ಮಾಡಿತ್ತು. ಹೊತ್ತಲ್ಲದ ಹೊತ್ತಿನ ಊಟ, ನಿದ್ದೆಗೇಡು, ಬೀಡಿ ಸಿಗರೇಟು, ದಿನವಿಡೀ ಒಂದೇ ಸೀಟು: ಇದರಲ್ಲಿ ನಿನಗೆ ಅನ್ವಯಿಸದ್ದು ಯಾವುದು, ನೀನೇ ಹೇಳು.

ಈಗ ಆ ಗುಳಿಗೆಯ ಕುಲದ ಕಥೆ ಕೇಳು. ಸಾರ್ಬಿಟ್ರೇಟ್ ಎಂಬುದು ಐಸೋಸಾರ್ಬೈಡ್ ಡೈನೈಟ್ರೇಟ್. ಅದರ ಹಿರಿಯಣ್ಣ ನೈಟ್ರೋಗ್ಲಿಸರಿನ್. 1847ರಲ್ಲಿ ಇಟಲಿಯ ಟ್ಯೂರಿನ್ ನಗರದ ಅಸ್ಕಾನಿಯೊ ಸೊಬ್ರೆರೊ ಗಂಧಕಾಮ್ಲ, ನೈಟ್ರಿಕ್ ಆಮ್ಲಗಳಿಗೆ ಗ್ಲಿಸರಿನ್ ಬೆರೆಸಿ ಅದನ್ನು ಪಡೆದ. ಎಣ್ಣೆಯಂಥ ದ್ರವ. ಒಂಚೂರು ನಾಲಿಗೆಗೆ ತಾಗಿಸಿದ್ದಕ್ಕೆ ತಲೆ ಸಿಡಿಯುವಂತೆ ನೋವು ಬಂತು. ಕುಲುಕಿದರೆ, ಬಿಸಿ ತಗುಲಿದರೆ ಅದೇ ಸಿಡಿಯುತ್ತಿತ್ತು. 1864ರ ಸೆಪ್ಟೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಆಲ್ಫ್ರೆಡ್ ನೊಬೆಲ್ ಕುಟುಂಬದ ಕಾರ್ಯಾಗಾರ ಹಾರಿಹೋಗಿ, ಅವನ ತಮ್ಮ ಎಮಿಲ್ ಕೂಡ ಸತ್ತ. 1867ರಲ್ಲಿ ನೊಬೆಲ್ ಅದನ್ನು ಒಂದು ಬಗೆಯ ಹಗುರ ಮಣ್ಣಿಗೆ ಹೀರಿಸಿ ಡೈನಮೈಟ್ ಮಾಡಿದ. ನಮ್ಮ ಕೋಲಾರದ ಗಣಿಗಳು ನೆಲದಡಿ ಮೂರು ಕಿಲೋಮೀಟರಿಗೂ ಆಳ ಇಳಿದದ್ದು ಆ ಬಗೆಯ ಸಿಡಿಮದ್ದಿನ ಬಲದಿಂದ.

ನನಗೆ ನೊಬೆಲ್‌ಗಿಂತ ಹತ್ತಿರದವರಾಗಿ ಕಾಣುವವರು ಆ ಕಾರ್ಖಾನೆಗಳ ಕೂಲಿಯವರು. ಚರ್ಮದಿಂದ, ಉಸಿರಿನಿಂದ ನೈಟ್ರೋಗ್ಲಿಸರಿನ್ ಅವರ ಮೈ ಸೇರುತ್ತಿತ್ತು. ಸೋಮವಾರ ಕೆಲಸಕ್ಕೆ ಹೋದರೆ ವಿಪರೀತ ತಲೆನೋವು. ಎರಡು ಮೂರು ದಿನದಲ್ಲಿ ಮೈ ಒಗ್ಗಿಕೊಂಡು ನೋವು ಇಳಿಯುತ್ತಿತ್ತು. ಭಾನುವಾರದ ರಜೆಯಲ್ಲಿ ಆ ಒಗ್ಗುವಿಕೆ ಹೋಗಿ, ಸೋಮವಾರ ಮತ್ತೆ ಅದೇ ಪಾಡು. ಕೆಲವರು ರಜೆಯ ದಿನ ಟೋಪಿಯ ಪಟ್ಟಿಯೊಳಗೆ ಚೂರು ನೈಟ್ರೋಗ್ಲಿಸರಿನ್ ಸವರಿಕೊಂಡಿರುತ್ತಿದ್ದರಂತೆ, ಮೈ ಮರೆಯದಿರಲಿ ಎಂದು! ಎದೆನೋವಿದ್ದ ಕೆಲವರಿಗೆ ಕೆಲಸದ ದಿನ ನೆಮ್ಮದಿ, ರಜೆಯಲ್ಲಿ ನೋವು. ನೈಟ್ರೇಟ್ ಎಂಬ ಈ ಕುಲದ ಔಷಧಿ ಸದಾ ಮೈಯಲ್ಲಿದ್ದರೆ ಕೆಲಸ ಮಾಡುವುದನ್ನೇ ಬಿಡುತ್ತದೆ. ಆದ್ದರಿಂದಲೇ ದಿನಾ ನೈಟ್ರೇಟ್ ನುಂಗುವವರಿಗೆ ಡಾಕ್ಟರು ಒಂದಷ್ಟು ಗಂಟೆ, ಸಾಮಾನ್ಯವಾಗಿ ರಾತ್ರಿ, ಬಿಡುವು ಕೊಡಿಸುತ್ತಾರೆ. ಹೆಸರೂ ಉಳಿಯದ ಆ ಕೂಲಿಯವರ ಮೈಯಲ್ಲಿ ಕಂಡದ್ದೇ ಈ ನಿಯಮ. ಅವರನ್ನು ನೆನೆಯದೆ ನಾನು ಈ ಗುಳಿಗೆ ಬಾಯಿಗೆ ಹಾಕಿಕೊಂಡದ್ದಿಲ್ಲ.

ಲಂಡನ್ನಿನ ವೈದ್ಯ ವಿಲಿಯಂ ಮರೆಲ್, ನೂರಕ್ಕೆ ಒಂದರಂತೆ ತಿಳಿ ಮಾಡಿದ ನೈಟ್ರೋಗ್ಲಿಸರಿನ್ ದ್ರಾವಣದ ಬಿರಡೆಯನ್ನು ತಾನೇ ನೆಕ್ಕಿ ನೋಡಿ, ಆಮೇಲೆ ಎದೆನೋವಿನ ರೋಗಿಗಳಿಗೆ ಕೊಟ್ಟು, 1879ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. ಮುಂದೆ ನೊಬೆಲ್‌ಗೇ ಹೃದ್ರೋಗ ಬಂದು, ವೈದ್ಯರು ಅವನಿಗೆ ನೈಟ್ರೋಗ್ಲಿಸರಿನ್ನನ್ನೇ ಸೂಚಿಸಿದರು. ಔಷಧಿ ಅಂಗಡಿಯವರೂ ಜನರೂ ಹೆದರದಿರಲೆಂದು ಅದನ್ನು ಟ್ರೈನೈಟ್ರಿನ್ ಎಂದು ಕರೆದಿದ್ದರು. 1896ರ ಡಿಸೆಂಬರ್ 10ರಂದು ಅವನು ತೀರಿಕೊಂಡ. ಗುಳಿಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಿಕೊಳ್ಳಲು ಮತ್ತೆ ಬಹುಕಾಲ ಬೇಕಾಯಿತು. ಅದರಿಂದ ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಹುಟ್ಟಿ, ರಕ್ತನಾಳದ ಗೋಡೆಯ ಸ್ನಾಯು ಸಡಿಲಗೊಳ್ಳುತ್ತದೆ. ಹೃದಯಕ್ಕೆ ಮರಳುವ ರಕ್ತ ತಗ್ಗಿ ಅದರ ದುಡಿಮೆ ಹಗುರಾಗುತ್ತದೆ. ನೈಟ್ರಿಕ್ ಆಕ್ಸೈಡಿನ ಈ ಸಂಗತಿಗೆ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ ಬಂದದ್ದು ಆ ನೊಬೆಲ್ ಹೆಸರಿನ ಬಹುಮಾನವೇ.

ಸಿಡಿಮದ್ದಿನ ಮಾತು ಬಂತಲ್ಲ, ಅರಸೀಕೆರೆ ಕಡೆಯ ಕ್ವಾರಿಯಲ್ಲಿರುವ ನಿನ್ನ ಗೆಳೆಯನಿಗೂ ಒಂದು ಮಾತು ಹೇಳು. ಈಗ ಬಂಡೆಗೆ ಇಡುವ ಜಿಲೆಟಿನ್ ಕಡ್ಡಿಯಲ್ಲಿ ನೈಟ್ರೋಗ್ಲಿಸರಿನ್ ಇರುವುದಿಲ್ಲ. ಅದಿರುವ ಸಿಡಿಮದ್ದುಗಳನ್ನು ನಮ್ಮ ದೇಶ 2004ರಲ್ಲೇ ನಿಷೇಧಿಸಿತು. ಬೇರೆ ರಾಸಾಯನಿಕದ ಕಡ್ಡಿಗೆ ಹಳೆಯ ಹೆಸರೇ ಅಂಟಿಕೊಂಡಿದೆ. ಹಾಗೆಂದು ಅಸಡ್ಡೆ ಬೇಡ, ಈ ಕಡ್ಡಿಗಳೂ ಕೊಲ್ಲುತ್ತವೆ. ಗುಳಿಗೆಯಲ್ಲಿರುವ ಚೂರು ಮದ್ದು ಮಾತ್ರ ಸಿಡಿಯುವುದಿಲ್ಲ, ಹೆದರಬೇಡ.

ಮುಖ್ಯ ಮಾತಿಗೆ ಬರುತ್ತೇನೆ. ಹೃದಯಾಘಾತವೆಂದರೆ ಬಹುಪಾಲು ರಕ್ತನಾಳದಲ್ಲಿ ಹೆಪ್ಪು ಕೂತದ್ದು. ತೋಟದ ಸ್ಪ್ರಿಂಕ್ಲರ್ ಪೈಪಿಗೆ ಕಸ ಸಿಕ್ಕಿಕೊಂಡರೆ ಪೈಪನ್ನು ಒಂದಿಷ್ಟು ಅಗಲಿಸಿ ಪ್ರಯೋಜನವಿಲ್ಲ, ಕಸ ಹೋಗಬೇಕು. ಸಾರ್ಬಿಟ್ರೇಟ್ ಹೆಪ್ಪನ್ನು ಕರಗಿಸುವುದಿಲ್ಲ. ನೋವು ತುಸು ಇಳಿದೀತು, ನೀನು "ಸರಿಹೋಯ್ತು" ಎಂದು ಇನ್ನೊಂದು ಟ್ರಿಪ್ ಹೊಡೆಯುತ್ತೀಯ. ಅಷ್ಟರಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಬಿಪಿ ಇಳಿದಿದ್ದರೆ, ಹೃದಯದ ಬಲಭಾಗಕ್ಕೆ ಪೆಟ್ಟು ಬಿದ್ದಿದ್ದರೆ, ಈ ಗುಳಿಗೆಯೇ ನಿನ್ನನ್ನು ಕುಸಿದು ಬೀಳುವಂತೆ ಮಾಡಬಹುದು. ಆರೋಗ್ಯವಂತನಿಗೂ ತಲೆಸುತ್ತು ಬರಬಹುದು. ಸ್ಟೀರಿಂಗ್ ಹಿಡಿದವನಿಗೆ ಅದು ಎಂಥ ಅಪಾಯ ಎಂದು ನಿನಗೆ ಹೇಳಬೇಕಿಲ್ಲ. ಇನ್ನೊಂದು, ಸಂಕೋಚವಿಲ್ಲದೆ ಹೇಳುತ್ತೇನೆ: ಗಂಡಸುತನಕ್ಕೆಂದು ಸಿಲ್ಡೆನಾಫಿಲ್ ನುಂಗುವವರು ಇದನ್ನು ಮುಟ್ಟಲೇಬಾರದು. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಹೋಗುತ್ತದೆ. ಸ್ಟ್ಯಾಂಡಿನಲ್ಲಿ ಎಲ್ಲರ ಕಿವಿಗೂ ಹಾಕು.

ಎದೆ ಹಿಂಡಿದಂತಾಗಿ, ನೋವು ಎಡತೋಳಿಗೋ ದವಡೆಗೋ ಹರಿದು, ಬೆವರು ಕಿತ್ತುಕೊಂಡರೆ ಗಾಡಿ ಪಕ್ಕಕ್ಕೆ ಹಾಕಿ 108ಕ್ಕೆ ಫೋನ್ ಮಾಡು. ನೀನೇ ಓಡಿಸಿಕೊಂಡು ಹೋಗಬೇಡ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳವರೆಗೂ ಬಂದಿದೆ: ಇಸಿಜಿ ತೆಗೆಯುತ್ತಾರೆ, ದೂರದಿಂದಲೇ ತಜ್ಞರು ನೋಡುತ್ತಾರೆ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಬಿಟ್ಟಿಯಾಗಿ ಕೊಡುತ್ತಾರೆ. ಸಾವಿರಾರು ರೂಪಾಯಿಯ ಮದ್ದು ಅದು. ಮೊದಲ ಗಂಟೆಯೊಳಗೆ ಬಿದ್ದರೆ ಅದರ ಬೆಲೆ ಇನ್ನೂ ಹೆಚ್ಚು.

ನಾಳೆಯೇ ಆ ಪಟ್ಟಿಯನ್ನು ತಂದ ಅಂಗಡಿಗೆ ಹಿಂದಿರುಗಿಸು. ಈ ವಾರದೊಳಗೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸು. ನಿನ್ನ ಅಪ್ಪನ ಕಡೆ ಹೃದ್ರೋಗ ಇದೆ ಎಂದು ಡಾಕ್ಟರಿಗೆ ನೀನಾಗಿಯೇ ಹೇಳು. ರಿಪೋರ್ಟಿನ ಫೋಟೋ ನನಗೆ ವಾಟ್ಸಾಪ್ ಮಾಡು. ಸಿಗರೇಟಿನ ವಿಷಯ ನಿನ್ನ ಅಜ್ಜಿ ಬೇರೆಯೇ ಬರೆಯುತ್ತಾಳಂತೆ.

ಇಂತಿ,
ನಿನ್ನ ಅಜ್ಜ