ಟ್ರ್ಯಾಕ್ಟರಿನ ಶಕ್ತಿದಂಡ ಮತ್ತು ಉಪಕರಣಗಳ ಜೋಡಣೆ

ವಿಜಯಪುರ ನಗರದಿಂದ ಪಶ್ಚಿಮಕ್ಕೆ ಅಥಣಿಯ ದಾರಿ ಹಿಡಿದರೆ ಟಿಕೋಟಾ. ನೈಋತ್ಯಕ್ಕೆ ಜಮಖಂಡಿಯ ದಾರಿ ಹಿಡಿದರೆ ಬಬಲೇಶ್ವರ. ಮೊದಲು ವಿಜಯಪುರ ತಾಲೂಕಿನೊಳಗೇ ಇದ್ದು ಈಗ ಸ್ವತಂತ್ರ ತಾಲೂಕುಗಳಾಗಿರುವ ಈ ಎರಡೂ ಸೀಮೆಗಳ ಒಕ್ಕಲುತನವು ಒಂದೆರಡು ತಲೆಮಾರುಗಳಲ್ಲಿ ಪಡೆದ ರೂಪಾಂತರ ಸಾಮಾನ್ಯವಾದುದಲ್ಲ. ಎರೆಭೂಮಿಯಲ್ಲಿ ಬಿಳಿಜೋಳ, ಕಡಲೆ, ತೊಗರಿ ಬೆಳೆದು, ಕಣ ಮಾಡಿ, ಎತ್ತು ಹೂಡಿ ಹಂತಿ ಹೊಡೆಯುತ್ತಿದ್ದ ಮನೆತನಗಳು ಇಂದು ರಾಶಿಯ ಯಂತ್ರವನ್ನು ಕರೆಯಿಸಿ ಒಂದೇ ದಿನದಲ್ಲಿ ರಾಶಿ ಮುಗಿಸುತ್ತವೆ. ಟಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿಗಳ ನಂತರ ಔಷಧ ಸಿಂಪಡಿಸಲು ಸಣ್ಣ ಟ್ರ್ಯಾಕ್ಟರಿನ ಬೆನ್ನಿಗೆ ಬ್ಲೋವರ್ ಏರಿದೆ. ಬಬಲೇಶ್ವರ ಭಾಗದಲ್ಲಿ ಏತ ನೀರಾವರಿಯ ನೀರು ಬಂದೆಡೆ ಕಬ್ಬು ಬಂದಿದೆ, ಕಬ್ಬಿನ ಹಿಂದೆ ರೋಟಾವೇಟರೂ ರವದಿ ಪುಡಿಮಾಡುವ ಯಂತ್ರವೂ ಬಂದಿವೆ. ಇವೆಲ್ಲವುಗಳಿಗೆ ಜೀವ ತುಂಬುವ ಅಂಗವೊಂದು ಟ್ರ್ಯಾಕ್ಟರಿನ ಹಿಂಬದಿಯಲ್ಲಿ, ಎರಡು ದೊಡ್ಡ ಗಾಲಿಗಳ ನಡುವೆ, ಗೇಣುದ್ದವೂ ಇಲ್ಲದ ಉಕ್ಕಿನ ತುಂಡಾಗಿ ಹೊರಚಾಚಿಕೊಂಡಿದೆ. ಪುಸ್ತಕದ ಭಾಷೆಯಲ್ಲಿ ಅದನ್ನು ಶಕ್ತಿದಂಡವೆನ್ನಬಹುದು. ಹೊಲದಲ್ಲಿ ಎಲ್ಲರೂ ಪಿ.ಟಿ.ಓ. ಎನ್ನುತ್ತಾರೆ.

ಟ್ರ್ಯಾಕ್ಟರು ಮೊದಮೊದಲು ಕೇವಲ ಎಳೆಯುವ ಯಂತ್ರವಾಗಿತ್ತು, ಎತ್ತಿನ ಕೆಲಸವನ್ನು ಇಂಜಿನು ಮಾಡುತ್ತಿತ್ತು ಅಷ್ಟೆ. ಇಂಜಿನಿನ ತಿರುಗುವ ಶಕ್ತಿಯನ್ನೇ ನೇರವಾಗಿ ಹಿಂದಿನ ಉಪಕರಣಕ್ಕೆ ಒಯ್ಯುವ ಏರ್ಪಾಡನ್ನು ವ್ಯಾಪಾರೀ ಪ್ರಮಾಣದಲ್ಲಿ 1910ರ ದಶಕದ ಕೊನೆಗೆ ಅಮೇರಿಕೆಯ ಇಂಟರ್‌ನ್ಯಾಶನಲ್ ಹಾರ್ವೆಸ್ಟರ್ ಕಂಪನಿ ರೂಢಿಗೆ ತಂದಿತು. ಉಪಕರಣವನ್ನು ಮೂರು ಬಿಂದುಗಳಲ್ಲಿ ಹಿಡಿದು ಎತ್ತಿ ಇಳಿಸುವ ಜೋಡಣೆಗೆ ಹ್ಯಾರಿ ಫರ್ಗ್ಯುಸನ್ನನು 1926ರಲ್ಲಿ ಪೇಟೆಂಟು ಪಡೆದನು. ಇಂದಿನ ಟ್ರ್ಯಾಕ್ಟರಿನ ಹಿಂಬದಿಯೆಂದರೆ ಈ ಎರಡು ಕಲ್ಪನೆಗಳ ಸಂಗಮ. ಮೂರು ಬಿಂದುಗಳ ಜೋಡಣೆ ಹೊರುತ್ತದೆ, ಶಕ್ತಿದಂಡ ತಿರುಗಿಸುತ್ತದೆ. ಜೋಡಿಸುವವನ ಕೈ ಮಾತ್ರ ಎರಡರ ನಡುವೆ ಇರುತ್ತದೆ.

ಈ ದಂಡದ ಅಳತೆ ಮತ್ತು ವೇಗಗಳು ಜಗತ್ತಿನಾದ್ಯಂತ ನಿಗದಿಯಾಗಿವೆ. ಸಾಮಾನ್ಯ ಟ್ರ್ಯಾಕ್ಟರುಗಳಲ್ಲಿ ದಂಡದ ವ್ಯಾಸ 35 ಮಿಲಿಮೀಟರು, ಅದರ ಮೈಮೇಲೆ ಸ್ಪ್ಲೈನ್ ಎಂದು ಕರೆಯುವ 6 ಉದ್ದ ಹಲ್ಲುಗಳು, ವೇಗ ನಿಮಿಷಕ್ಕೆ 540 ಸುತ್ತು. ಹೆಚ್ಚು ಶಕ್ತಿಯ ಯಂತ್ರಗಳಲ್ಲಿ 21 ಹಲ್ಲುಗಳ, 1000 ಸುತ್ತಿನ ದಂಡವೂ ಉಂಟು. ಹಲ್ಲುಗಳ ಸಂಖ್ಯೆಯನ್ನು ಬೇರೆಯಾಗಿಟ್ಟಿರುವುದು ಸುಮ್ಮನೆಯಲ್ಲ. 540ಕ್ಕೆಂದು ಮಾಡಿದ ಉಪಕರಣವನ್ನು 1000ಕ್ಕೆ ತಿರುಗಿಸಿದರೆ ಅದರ ಚಕ್ರಗಳಲ್ಲಿ ಸಂಚಯವಾಗುವ ಚಲನಶಕ್ತಿಯು ಎರಡು ಪಟ್ಟಲ್ಲ, ಸುಮಾರು ಮೂರೂವರೆ ಪಟ್ಟಾಗುತ್ತದೆ. ಆಗ ಬ್ಲೇಡು ಮುರಿದು ಹಾರುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ನಡುವೆ ಅಡಾಪ್ಟರಿನ ತುಂಡು ಹಾಕಿ ಹೊಂದದ್ದನ್ನು ಹೊಂದಿಸುವ ಜಾಣತನ ಕೆಲವೆಡೆ ಕಾಣಬರುತ್ತದೆ. ತಯಾರಕರು ಬೇಕೆಂದೇ ಇಟ್ಟ ಅಡ್ಡಿಯನ್ನು ಕಿತ್ತೊಗೆಯುವುದನ್ನು ಜಾಣತನವೆನ್ನಲಾಗದು.

ನಿಮಿಷಕ್ಕೆ 540 ಎಂದರೆ ಕ್ಷಣಕ್ಕೆ, ಅಂದರೆ ಒಂದು ಸೆಕೆಂಡಿಗೆ, 9 ಸುತ್ತು. ಇದನ್ನು ಎಂಟನೆಯ ಇಯತ್ತೆಯ ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲ, ಹಾಕಬೇಕು ಕೂಡ. ಟ್ರ್ಯಾಕ್ಟರಿಗೂ ಉಪಕರಣಕ್ಕೂ ನಡುವಿನ ಜೋಡುದಂಡದ ವ್ಯಾಸ 7 ಸೆಂಟಿಮೀಟರೆಂದು ಹಿಡಿದರೆ ಸುತ್ತಳತೆ ಸುಮಾರು 22 ಸೆಂಟಿಮೀಟರು. ಒಂಬತ್ತು ಸುತ್ತಿಗೆ ಎರಡು ಮೀಟರಿನಷ್ಟು ಬಟ್ಟೆ ಅದರ ಸುತ್ತ ಸುತ್ತಿಕೊಳ್ಳುತ್ತದೆ. ಧೋತರದ ಚುಂಗು ಸಿಕ್ಕಿತೆಂದು ಮನುಷ್ಯನಿಗೆ ಅರಿವಾಗಿ, ಅವನು ಹಿಂದೆ ಸರಿಯಲು ಮನಸ್ಸು ಮಾಡುವುದಕ್ಕೆ ಮುಕ್ಕಾಲು ಸೆಕೆಂಡು ಹಿಡಿದರೂ ಅಷ್ಟರಲ್ಲಿ ಒಂದೂವರೆ ಮೀಟರು ಬಟ್ಟೆ ಒಳಸೇರಿರುತ್ತದೆ. ಇನ್ನು ಬಲದ ಮಾತು. 30 ಅಶ್ವಶಕ್ತಿಯನ್ನು 540 ಸುತ್ತಿನಲ್ಲಿ ಒಯ್ಯುವ ದಂಡದ ತಿರುಚುಬಲವು, ಒಂದು ಮೀಟರು ಉದ್ದದ ತೋಳಿನ ತುದಿಗೆ 40 ಕಿಲೋ ತೂಗುಹಾಕಿದ್ದಕ್ಕೆ ಸಮ. ಆದರೆ ಬಟ್ಟೆ ಸುತ್ತಿಕೊಳ್ಳುವುದು ಕೇಂದ್ರದಿಂದ ಮೂರೂವರೆ ಸೆಂಟಿಮೀಟರು ದೂರದಲ್ಲಿ. ಅಲ್ಲಿ ಎಳೆತದ ಬಲ ಸಾವಿರ ಕಿಲೋವನ್ನು ಮೀರುತ್ತದೆ. ಗಟ್ಟಿಮುಟ್ಟಾದ ಆಳು ಎಳೆದುಕೊಂಡು ಪಾರಾಗುತ್ತಾನೆಂಬ ಭ್ರಮೆಗೆ ಈ ಲೆಕ್ಕದಲ್ಲಿ ಸ್ಥಳವಿಲ್ಲ. ಗಣಿತದ ಗುರುಗಳು ಒಂದು ಪೆನ್ಸಿಲಿಗೆ ದಾರದ ತುದಿ ಸಿಕ್ಕಿಸಿ, ಒಂಬತ್ತು ಸುತ್ತು ಸುತ್ತಿ, ಎಷ್ಟು ದಾರ ಹೋಯಿತೆಂದು ಮಕ್ಕಳಿಂದ ಅಳೆಯಿಸಿದರೆ ಈ ಪಾಠ ಮರೆಯುವಂಥದಲ್ಲ.

ಮಕ್ಕಳ ಮಾತು ಇಲ್ಲಿ ಬಂದದ್ದಕ್ಕೆ ಕಾರಣವಿದೆ. ಉಪಕರಣ ಜೋಡಿಸುವಾಗ ಚಾಲಕನು ಆಸನದ ಮೇಲಿದ್ದರೆ ಕೆಳಗೆ ನಿಂತು ‘ಬರಲಿ, ಬರಲಿ, ಇನ್ನಷ್ಟು ಬರಲಿ’ ಎಂದು ಕೈಸನ್ನೆ ಮಾಡುವವನು ಮನೆಯ ಹುಡುಗ, ಬಹಳ ಸಲ ಶಾಲೆಯ ಹುಡುಗ. ಅವನು ನಿಲ್ಲುವ ಸ್ಥಳ ಟ್ರ್ಯಾಕ್ಟರಿಗೂ ರೋಟಾವೇಟರಿಗೂ ನಡುವೆ. ಕ್ಲಚ್ಚಿನ ಮೇಲಿನ ಕಾಲು ಒಂದಿಷ್ಟು ಜಾರಿದರೂ ಹಿಂದೆ ಸರಿಯಲು ಅವನಿಗೆ ಎಡೆಯಿರುವುದಿಲ್ಲ. ಆದುದರಿಂದ ಮೊದಲನೆಯ ನಿಯಮವು ಇದೇ: ಟ್ರ್ಯಾಕ್ಟರು ಹಿಂದಕ್ಕೆ ಚಲಿಸುತ್ತಿರುವಾಗ ನಡುವೆ ಯಾರೂ ನಿಲ್ಲಕೂಡದು. ಸನ್ನೆ ಮಾಡುವುದಿದ್ದರೆ ಚಾಲಕನ ಕಣ್ಣಿಗೆ ಕಾಣುವಂತೆ ಪಕ್ಕದಲ್ಲಿ, ದೂರದಲ್ಲಿ ನಿಲ್ಲಬೇಕು. ಸಣ್ಣ ಮಕ್ಕಳು ಆ ಸ್ಥಳದಲ್ಲಿಯೇ ಇರಬಾರದು.

ಜೋಡಣೆಗೆ ಸಮತಟ್ಟಾದ, ಗಟ್ಟಿಯಾದ ನೆಲ ಬೇಕು. ಎರೆಮಣ್ಣು ಹಸಿಯಾಗಿದ್ದಾಗ ಉಪಕರಣ ಒಂದು ಮಗ್ಗುಲಿಗೆ ಹೂತು ವಾಲುತ್ತದೆ, ಒಣಗಿದಾಗ ಬಿರುಕಿನಲ್ಲಿ ಅದರ ಊರುಗಾಲು ಇಳಿಯುತ್ತದೆ. ಹೊಲಕ್ಕಿಂತ ಮನೆಯ ಮುಂದಿನ ಅಂಗಳವೋ ಮಡ್ಡಿಯ ನೆಲವೋ ಲೇಸು. ಟ್ರ್ಯಾಕ್ಟರನ್ನು ನಿಧಾನವಾಗಿ ನೇರಕ್ಕೆ ಹಿಂದೆ ತಂದು, ಕೆಳತೋಳುಗಳು ಉಪಕರಣದ ಗೂಟಗಳಿಗೆ ಸಮನಾಗಿ ಬಂದ ಕೂಡಲೇ ಪಿ.ಟಿ.ಓ. ಸನ್ನೆಯನ್ನು ಬಿಡಿಸಿ, ಗೇರನ್ನು ತಟಸ್ಥಕ್ಕೆ ತಂದು, ಕೈಬ್ರೇಕು ಹಾಕಿ, ಇಂಜಿನು ನಿಲ್ಲಿಸಿ, ಕೀಲಿಯನ್ನು ತೆಗೆದುಕೊಂಡು ಕೆಳಗಿಳಿಯಬೇಕು. ಕೀಲಿ ಕಿಸೆಯಲ್ಲಿರಲಿ. ಆಸನದ ಹತ್ತಿರ ಆಟವಾಡುವ ಹುಡುಗನೊಬ್ಬ ಅದನ್ನು ತಿರುಗಿಸಿದರೆ ಕೆಳಗಿದ್ದವನ ಕೈ ಎಲ್ಲಿರುತ್ತದೆಂಬುದನ್ನು ವಿವರಿಸಬೇಕಿಲ್ಲ.

ಮೂರು ಬಿಂದುಗಳಲ್ಲಿ ಮೊದಲು ಎಡಗಡೆಯ ಕೆಳತೋಳು, ಆಮೇಲೆ ಬಲಗಡೆಯದು, ಕೊನೆಗೆ ಮೇಲುತೋಳು ಎಂಬುದು ರೂಢಿಯ ಕ್ರಮ. ಇದಕ್ಕೊಂದು ಕಾರಣವುಂಟು. ಅನೇಕ ಟ್ರ್ಯಾಕ್ಟರುಗಳಲ್ಲಿ ಬಲತೋಳಿಗೆ ಮಾತ್ರ ಕೈಹಿಡಿ ತಿರುವಿ ಏರಿಸಿ ಇಳಿಸುವ ಪೆಟ್ಟಿಗೆ ಇರುತ್ತದೆ; ಹೊಂದಿಸಿಕೊಳ್ಳಲಾಗದ ಎಡತೋಳನ್ನು ಮೊದಲು ಸಿಕ್ಕಿಸಿ, ಹೊಂದಿಸಿಕೊಳ್ಳಬಲ್ಲ ಬಲತೋಳನ್ನು ಆಮೇಲೆ ಕೂಡಿಸುವುದು ಸುಲಭ. ಪ್ರತಿ ಗೂಟಕ್ಕೂ ಅದರದೇ ಲಿಂಚ್ ಪಿನ್ನು ಹಾಕಬೇಕು. ತಂತಿಯ ತುಂಡು, ಮುರಿದ ಮೊಳೆ, ಸುತಳಿ ಇವು ಪಿನ್ನುಗಳಲ್ಲ.

ಈಗ ಶಕ್ತಿದಂಡದ ಸರದಿ. ಹಲ್ಲುಗಳ ಮೇಲಿನ ಧೂಳು, ಹಳೆಯ ಗ್ರೀಸು ಒರೆಸಿ, ಹೊಸ ಗ್ರೀಸನ್ನು ತೆಳುವಾಗಿ ಸವರಿ, ಜೋಡುದಂಡದ ತುದಿಯ ಗುಂಡಿಯನ್ನು ಒತ್ತಿ ಹಿಡಿದು ಒಳತಳ್ಳಬೇಕು. ಗುಂಡಿಯು ದಂಡದ ಮೇಲಿನ ತೋಡಿನಲ್ಲಿ ಕುಳಿತಾಗ ‘ಟಕ್’ ಎಂಬ ಸದ್ದು ಬರುತ್ತದೆ. ಸದ್ದನ್ನು ಮಾತ್ರ ನಂಬದೆ ದಂಡವನ್ನು ಹಿಂದಕ್ಕೊಮ್ಮೆ ಬಲವಾಗಿ ಎಳೆದು ನೋಡಬೇಕು. ಅರ್ಧ ಕುಳಿತ ದಂಡವು ಕೆಲಸದ ನಡುವೆ ಕಳಚಿಕೊಂಡರೆ ಒಂದು ತುದಿ ಉಪಕರಣಕ್ಕೆ ಅಂಟಿಕೊಂಡೇ ಇನ್ನೊಂದು ತುದಿ ಕೊಡತಿಯಂತೆ ಬೀಸತೊಡಗುತ್ತದೆ. ಗುಂಡಿ ಕೆಟ್ಟಿದೆಯೆಂದು ಅದರ ಜಾಗದಲ್ಲಿ ಉದ್ದನೆಯ ಬೋಲ್ಟು ಹಾಕಿ ನಟ್ಟು ಬಿಗಿಯುವುದು ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಅಪರೂಪವಲ್ಲ. ತಿರುಗುವ ದಂಡದಿಂದ ಹೊರಚಾಚಿದ ಒಂದಂಗುಲದ ಬೋಲ್ಟು ಸೆರಗಿಗೂ ರುಮಾಲಿಗೂ ಕೊಕ್ಕೆಯಂತೆ ಎಂಬುದನ್ನು ಹಾಗೆ ಮಾಡುವವರು ಯೋಚಿಸುವುದಿಲ್ಲ. ಅಂತೆಯೇ ಹೊರೆ ಮಿತಿಮೀರಿದಾಗ ತಾನು ಕತ್ತರಿಸಿ ಯಂತ್ರವನ್ನುಳಿಸುವ ಮೆದುವಾದ ಬೋಲ್ಟಿನ ಸ್ಥಾನಕ್ಕೆ ಗಟ್ಟಿಯುಕ್ಕಿನ ಬೋಲ್ಟು ಸೇರಿಸಿದರೆ ಮುಂದೆ ಮುರಿಯುವುದು ಗೇರುಪೆಟ್ಟಿಗೆ.

ಜೋಡುದಂಡದ ಉದ್ದದ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯ ಕಾಣುತ್ತದೆ. ಇದು ಒಂದರೊಳಗೊಂದು ಸರಿಯುವ ಎರಡು ಕೊಳವೆಗಳಿಂದಾದುದು. ಉಪಕರಣ ಏರಿ ಇಳಿದಂತೆ ಉದ್ದ ಹೆಚ್ಚುಕಡಿಮೆಯಾಗುತ್ತದೆ. ಒಂದೊಂದು ಟ್ರ್ಯಾಕ್ಟರಿನಲ್ಲಿ ಶಕ್ತಿದಂಡದ ತುದಿಗೂ ಕೆಳತೋಳಿನ ಕಣ್ಣಿಗೂ ಇರುವ ಅಂತರ ಒಂದೊಂದು ಬಗೆ. ರಾಜ್ಯ ಸರಕಾರದ ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ನೆರೆಯವನಿಂದಲೋ ತಂದ ರೋಟಾವೇಟರಿನ ದಂಡ ತನ್ನ ಟ್ರ್ಯಾಕ್ಟರಿಗೆ ಸರಿಹೊಂದುವುದೆಂದು ಪರೀಕ್ಷೆಯಿಲ್ಲದೆ ನಂಬಲಾಗದು. ಅತಿ ಉದ್ದವಾದರೆ ಉಪಕರಣ ಎತ್ತಿದಾಗ ಕೊಳವೆ ತಳಮುಟ್ಟಿ, ಟ್ರ್ಯಾಕ್ಟರಿನ ಬೇರಿಂಗನ್ನೇ ಒಡೆಯುತ್ತದೆ. ಅತಿ ಗಿಡ್ಡವಾದರೆ ಎಳೆದು ನಿಂತಾಗ ಎರಡು ತುಂಡುಗಳು ಬೇರ್ಪಡುತ್ತವೆ. ಅತ್ಯಂತ ಕಡಿಮೆ ಅಂತರದ ಸ್ಥಿತಿಯಲ್ಲಿಯೂ ಒಳಗೆ ಒಂದಂಗುಲ ತೆರಪು ಉಳಿಯಬೇಕು. ಕೆಲಸದ ಸ್ಥಿತಿಯಲ್ಲಿ ಕೊಳವೆಯ ಮೂರನೆಯ ಒಂದು ಭಾಗದಷ್ಟಾದರೂ ಒಂದರೊಳಗೊಂದು ಇರಬೇಕು. ಕತ್ತರಿಸುವುದು ಅನಿವಾರ್ಯವಾದರೆ ಎರಡೂ ಕೊಳವೆಗಳನ್ನೂ ಅವುಗಳ ಮೇಲಿನ ರಕ್ಷಾಕವಚಗಳನ್ನೂ ಒಂದೇ ಅಳತೆಯಲ್ಲಿ ಕತ್ತರಿಸಿ, ಅಂಚನ್ನು ಅರದಿಂದ ತಿಕ್ಕಿ ನುಣುಪು ಮಾಡಬೇಕು.

ದಂಡದ ಎರಡು ತುದಿಗಳಲ್ಲಿರುವ ಜಾಯಿಂಟುಗಳಿಗೆ ಒಂದು ವಿಚಿತ್ರ ಗುಣವುಂಟು. ಬಾಗಿದ ಜಾಯಿಂಟು ಒಂದೇ ವೇಗದಲ್ಲಿ ಬಂದ ಚಲನೆಯನ್ನು ಒಂದೇ ವೇಗದಲ್ಲಿ ದಾಟಿಸುವುದಿಲ್ಲ. 30 ಅಂಶ ಬಾಗಿದಾಗ 540ರ ವೇಗ ಆಚೆ ಬದಿಯಲ್ಲಿ 468ಕ್ಕೂ 624ಕ್ಕೂ ನಡುವೆ ತೂಗಾಡುತ್ತದೆ, ಅದೂ ಪ್ರತಿ ಸುತ್ತಿಗೆ ಎರಡು ಬಾರಿ. ಎರಡನೆಯ ಜಾಯಿಂಟು ಅಷ್ಟೇ ಬಾಗಿದ್ದು, ಕೊಳವೆಗೆ ಅಂಟಿದ ಎರಡೂ ಕವೆಗಳು ಒಂದೇ ಸಮತಲದಲ್ಲಿದ್ದರೆ ಮಾತ್ರ ಈ ತೂಗಾಟ ಪರಸ್ಪರ ಅಳಿದುಹೋಗುತ್ತದೆ. ಕೊಳವೆ ಬಿಚ್ಚಿ ಮತ್ತೆ ಸೇರಿಸುವಾಗ ಕವೆಗಳನ್ನು ಅಡ್ಡಾದಿಡ್ಡಿ ಕೂಡಿಸಿದ್ದೇ ‘ಯಂತ್ರ ನಡುಗುತ್ತದೆ’ ಎಂಬ ದೂರಿಗೆ ಅನೇಕ ಸಲ ಕಾರಣ. ದ್ರಾಕ್ಷಿ ತೋಟದ ಸಾಲಿನ ಕೊನೆಯಲ್ಲಿ ಎಳೆಯುವ ಬ್ಲೋವರನ್ನು ಬಿಗುವಾಗಿ ತಿರುಗಿಸುವಾಗ ದಂಡದ ಬಾಗು ಮಿತಿ ಮೀರುತ್ತದೆ, ಅಲ್ಲಿ ಪಿ.ಟಿ.ಓ. ಬಿಡಿಸಿಕೊಂಡೇ ತಿರುಗಬೇಕು. ರೋಟಾವೇಟರನ್ನು ಪೂರ್ತಿ ಎತ್ತಿದಾಗಲೂ ಇದೇ ನಿಯಮ.

ರಕ್ಷಾಕವಚವೆಂದರೆ ಜೋಡುದಂಡದ ಮೇಲಿನ ಪ್ಲ್ಯಾಸ್ಟಿಕ್ ಕೊಳವೆ. ದಂಡ ತಿರುಗಿದರೂ ಇದು ತಿರುಗಬಾರದೆಂದು ಅದಕ್ಕೊಂದು ಸಣ್ಣ ಸರಪಳಿಯಿದೆ. ಅದನ್ನು ಯಂತ್ರದ ತಿರುಗದ ಭಾಗಕ್ಕೆ ಸಿಕ್ಕಿಸಬೇಕು. ನಮ್ಮ ಬಿಸಿಲಿಗೆ ಪ್ಲ್ಯಾಸ್ಟಿಕ್ಕು ಸೀಳುತ್ತದೆ. ಸೀಳಿದ್ದನ್ನು ಕಿತ್ತು ಹಗೇವಿನ ಮೂಲೆಗೆ ಎಸೆದ ಮೇಲೆ ಹೊಸದನ್ನು ತರುವವರು ವಿರಳ. ಇಂಜಿನು ನಿಂತಿರುವಾಗ ಕವಚವನ್ನು ಕೈಯಿಂದ ತಿರುಗಿಸಿ ನೋಡಬೇಕು. ಸಡಿಲವಾಗಿ ತಿರುಗಿದರೆ ಸರಿ, ದಂಡಕ್ಕೆ ಕಚ್ಚಿಕೊಂಡಿದ್ದರೆ ಅದು ಇದ್ದೂ ಇಲ್ಲದಂತೆ.

ದ್ರಾಕ್ಷಿ ಸಿಂಪರಣೆ ನಡೆಯುವುದು ನಸುಕಿನಲ್ಲಿ, ಚಳಿಯ ದಿನಗಳಲ್ಲಿ. ಚಾಲಕನು ಶಾಲು ಹೊದ್ದು, ಮಫ್ಲರ್ ಸುತ್ತಿ ಕುಳಿತಿರುತ್ತಾನೆ. ನಾಝಲ್ಲು ಕಟ್ಟಿಕೊಂಡಿತೆಂದು ಯಂತ್ರ ತಿರುಗುತ್ತಿರುವಂತೆಯೇ ಇಳಿದು, ಬಳ್ಳಿಗಳ ಕೆಳಗೆ ಬಗ್ಗಿ ಹಿಂದೆ ಹೋಗುತ್ತಾನೆ. ಬಗ್ಗಿದ ಮನುಷ್ಯನ ಶಾಲಿನ ಅಂಚು ಸರಿಯಾಗಿ ದಂಡದ ಮಟ್ಟದಲ್ಲಿ ಜೋತಿರುತ್ತದೆ. ರಾಶಿಯ ಕಣದಲ್ಲಿ ಅಪಾಯದ ಬಗೆ ಬೇರೆ: ಧೂಳು, ಅವಸರ, ಸುತ್ತ ಹತ್ತಾರು ಜನ, ಹೆಣ್ಣುಮಕ್ಕಳ ಸೆರಗು, ಆಚೆಯಿಂದೀಚೆಗೆ ದಂಡವನ್ನು ದಾಟಿಯೇ ಹೋಗುವ ಅಭ್ಯಾಸ. ಎಷ್ಟೇ ಸುತ್ತಾದರೂ ಯಂತ್ರವನ್ನು ಬಳಸಿಕೊಂಡೇ ಹೋಗಬೇಕು. ರಾಶಿ ಯಂತ್ರಗಳಿಂದ ಕೈ ಕಳೆದುಕೊಂಡವರ ಸಂಖ್ಯೆ ದೇಶದಲ್ಲಿ ಹೆಚ್ಚಿದ ಕಾರಣ ಸಂಸತ್ತು 1983ರಲ್ಲಿ ಅಪಾಯಕರ ಯಂತ್ರಗಳ ನಿಯಂತ್ರಣ ಅಧಿನಿಯಮವನ್ನು ಅಂಗೀಕರಿಸಿತು. ತಯಾರಕರಿಗೆ ಪರವಾನಿಗೆ, ಗಾಯಾಳುಗಳಿಗೆ ಪರಿಹಾರ ಇವು ಅದರಲ್ಲಿ ಸೇರಿವೆ. ತೆನೆ ಹಾಕುವ ಬಾಯಿ ಗಿಡ್ಡವಾಗಿದ್ದರೆ ಕೈ ಉರುಳೆಗೆ ಮುಟ್ಟುತ್ತದೆಂದು ಭಾರತೀಯ ಮಾನಕವು ಅದರ ಉದ್ದ 900 ಮಿಲಿಮೀಟರು, ಅದರಲ್ಲಿ 450 ಮಿಲಿಮೀಟರು ಮುಚ್ಚಿರಬೇಕೆಂದು ಹೇಳುತ್ತದೆ. ಯಂತ್ರ ಕರೆಯಿಸಿದ ರೈತನು ಒಂದು ಪಟ್ಟಿಯಿಂದ ಇದನ್ನು ಅಳೆಯಬಹುದು. ಬಾಡಿಗೆ ಕೊಡುವವನಿಗೆ ಕೇಳುವ ಹಕ್ಕೂ ಇದೆ.

ಕೆಲಸ ಆರಂಭಿಸುವಾಗ ಇಂಜಿನಿನ ವೇಗ ಕಡಿಮೆಯಿರುವಾಗಲೇ ಪಿ.ಟಿ.ಓ. ಕೂಡಿಸಿ, ಒಂದೆರಡು ನಿಮಿಷ ಸದ್ದು ಆಲಿಸಿ, ಆಮೇಲೆ ಮೀಟರಿನಲ್ಲಿ ಗುರುತಿಸಿದ 540ರ ಗೆರೆಗೆ ಏರಿಸುವುದು ಕ್ರಮ. ನಿಲ್ಲಿಸಿದಾಗ ಬ್ಲೋವರಿನ ಪಂಖವಾಗಲಿ ರಾಶಿ ಯಂತ್ರದ ಭಾರಚಕ್ರವಾಗಲಿ ಕೂಡಲೇ ನಿಲ್ಲುವುದಿಲ್ಲ. ಸನ್ನೆ ಬಿಡಿಸಿದ ಮೇಲೂ ತಿರುಗುತ್ತಿರುತ್ತವೆ. ದಂಡ ಪೂರ್ತಿ ನಿಂತದ್ದನ್ನು ಕಣ್ಣಿನಿಂದ ಕಂಡ ಮೇಲೆಯೇ ಹತ್ತಿರ ಹೋಗಬೇಕು.

ಬಿಚ್ಚುವ ಕ್ರಮ ಜೋಡಿಸಿದ ಕ್ರಮಕ್ಕೆ ಪೂರ್ಣವಾಗಿ ವಿಲೋಮ. ಉಪಕರಣವನ್ನು ನೆಲಕ್ಕಿಳಿಸಿ, ಊರುಗಾಲು ಕೊಟ್ಟು, ಇಂಜಿನು ನಿಲ್ಲಿಸಿ, ಮೊದಲು ಜೋಡುದಂಡ, ಆಮೇಲೆ ಮೇಲುತೋಳು, ಬಲತೋಳು, ಕೊನೆಗೆ ಎಡತೋಳು. ದಂಡವನ್ನು ನೆಲದ ಮೇಲೆ ಬಿಡದೆ ಉಪಕರಣದ ಕೊಕ್ಕೆಗೆ ತೂಗುಹಾಕಬೇಕು, ಮಣ್ಣು ತುಂಬಿದ ಕೊಳವೆ ಮರುದಿನ ಸರಿಯುವುದಿಲ್ಲ. ಟ್ರ್ಯಾಕ್ಟರಿನ ಹಿಂಬದಿಯ ಬೋಳು ದಂಡಕ್ಕೆ ಅದರ ಟೊಪ್ಪಿಗೆಯನ್ನು ಮರಳಿ ಹಾಕಬೇಕು. ಕಳೆದಿದ್ದರೆ ವಿಜಯಪುರದ ಬಿಡಿಭಾಗದ ಅಂಗಡಿಗಳಲ್ಲಿ ಅದು ಹೆಚ್ಚಿನ ಬೆಲೆಯಿಲ್ಲದೆ ದೊರೆಯುತ್ತದೆ.